ನರಸಮ್ಮನವರ ಕೋರೆಹಲ್ಲು

ಬಿನ್ನಿಪೇಟೆ, ಬೆಂಗಳೂರು
೫-೮-೧೯೫೭, ಸೋಮವಾರ

ಕೆಂಗೇರಿ ಹೆರಿಗೆ ಆಸ್ಪತ್ರೆಯ ಮಿಡ್‌ವೈಫ್ ಶ್ರೀಮತಿ ನರಸಮ್ಮನವರಿಗೆ, ಬಿನ್ನಿಪೇಟೆ ಗಿರಣಿ ರಸ್ತೆಯ ಹಲ್ಲಿನ ಆಸ್ಪತ್ರೆಯಿಂದ ಡಾ. ಸೋಮಲಿಂಗಪ್ಪನ ವಂದನೆಗಳು.

ಮೊನ್ನೆ ಶನಿವಾರ ತಮ್ಮ ಮೇಲಿನ ಕೋರೆಹಲ್ಲಿನ ಬೇರಿನ ಚಿಕಿತ್ಸೆಯನ್ನು ಆರಂಭಿಸಿದೆನಷ್ಟೆ. ಹಲ್ಲನ್ನು ಕೀಳದೆ ಉಳಿಸುವ ಈ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವಂಥದಲ್ಲ. ಒಳಗಿನ ಕೆಟ್ಟ ನರವನ್ನು ತೆಗೆದು, ಔಷಧಿಯ ಹತ್ತಿ ಇಟ್ಟಿದ್ದೇನೆ. ತಾವು ಕುರ್ಚಿಯಲ್ಲಿಯೇ ಮೂರ್ಛೆ ಹೋದದ್ದರಿಂದ ಹಲ್ಲಿನ ಬಾಯನ್ನು ಆತುರದಲ್ಲಿ ಮುಚ್ಚಬೇಕಾಯಿತು. ಹತ್ತಿಯನ್ನು ಬದಲಾಯಿಸದಿದ್ದರೆ ಕೀವಾಗುವ ಸಂಭವವಿದೆ. ಬರುವ ಶನಿವಾರ ತಪ್ಪದೆ ಬರಬೇಕು. ಹೆದರಲು ಕಾರಣವಿಲ್ಲ. ಕಾರ್ಡಿನಲ್ಲಿ ಜಾಗ ಸಾಲದು.

ಇತಿ,
ಸೋಮಲಿಂಗಪ್ಪ


ಕೆಂಗೇರಿ
೮-೮-೧೯೫೭

ಡಾಕ್ಟರವರಿಗೆ,

ನಿಮ್ಮ ಕಾರ್ಡು ತಲುಪಿತು. ನನಗಿಂತ ಮೊದಲು ಕೆಂಗೇರಿಗೆಲ್ಲ ತಲುಪಿತು. ನಮ್ಮ ಅಂಚೆಯ ಅಂಜಿನಯ್ಯ ಒಳ್ಳೆಯ ಮನುಷ್ಯ. ಆದರೆ ಕಾರ್ಡು ಎನ್ನುವುದು ಊರಿಗೆಲ್ಲ ಬರೆದದ್ದು ಎಂದು ಅವನ ನಂಬಿಕೆ. ಬಸ್ಸು ನಿಲ್ಲುವ ಕಡೆ ಇರುವ ಕಾಫಿ ಅಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದನಂತೆ. ಓದಿ ಮುಗಿಸಿ, "ನಮ್ ನರಸಮ್ಮೋರು ಮೂರ್ಛೆ ಬಿದ್ರಂತೆ ಕಣ್ರಪ್ಪೋ" ಎಂದು ತನ್ನ ಕಡೆಯಿಂದ ಒಂದು ಸಾಲು ಸೇರಿಸಿದನಂತೆ.

ಈ ಊರಿನ ಅರ್ಧ ಮಕ್ಕಳು ನನ್ನ ಕೈಮೇಲೆ ಹುಟ್ಟಿದವರು. ಹೆರಿಗೆ ಕೋಣೆಯಲ್ಲಿ ನಾನು ಒಂದು ಸಲ ಕಣ್ಣು ಬಿಟ್ಟರೆ ಅರಚುವವರು ಸುಮ್ಮನಾಗುತ್ತಿದ್ದರು. ಆಗುತ್ತಿದ್ದರು ಎಂದು ಬರೆಯುತ್ತಿದ್ದೇನೆ, ಗಮನಿಸಿ. ನಿನ್ನೆ ಬೋರಮ್ಮ ಎಂಬ ಹುಡುಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನೋವು ಜೋರಾದಾಗ "ಧೈರ್ಯ ತಗೋಳೇ, ಇಷ್ಟಕ್ಕೆಲ್ಲ ಹೆದರ್ತಾರಾ?" ಎಂದೆ. ಅವಳು ಮಂಚದ ಕಂಬಿ ಹಿಡಿದುಕೊಂಡೇ, "ಒಂದ್ ಹಲ್ಲಿಗೆ ನೀವೇ ಬಿದ್ಹೋದ್ರಂತೆ, ನಂಗೇನ್ ಹೇಳ್ತೀರಾ" ಎಂದಳು. ನಮ್ಮ ಆಯಾ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಹೊರಗೆ ಹೋದಳು. ನಗುವುದಕ್ಕೆ ಹೋದಳು ಎಂದು ನನಗೆ ಗೊತ್ತಿಲ್ಲವೇ?

ನಾನು ಹೆದರಿ ಬಿದ್ದೆ ಎಂದು ನೀವು ತಿಳಿದಿದ್ದರೆ ಅದು ಶುದ್ಧ ತಪ್ಪು. ಆ ಕೋಣೆಯಲ್ಲಿ ಗಾಳಿಯೇ ಇರಲಿಲ್ಲ. ಲವಂಗದ ಎಣ್ಣೆಯ ಘಾಟು ಬೇರೆ. ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿದು ತಲೆಯೊಳಗೆಲ್ಲ ಗುಯ್ಗುಟ್ಟಿಸುವ ಆ ನಿಮ್ಮ ಯಂತ್ರ ಬೇರೆ. ಇನ್ನು ಆ ಸೂಜಿಮದ್ದಿನಲ್ಲಿ ಏನಿತ್ತೋ, ಹಾಕಿದವರಿಗೇ ಗೊತ್ತು.

ನಾನು ಬರುವುದಿಲ್ಲ. ಇನ್ನು ಮುಂದೆ ಬರೆಯುವುದಿದ್ದರೆ ಕವರಿನಲ್ಲಿ ಹಾಕಿ, ಅಂಟಿಸಿ ಬರೆಯಿರಿ.

ನರಸಮ್ಮ


ಬಿನ್ನಿಪೇಟೆ
೧೦-೮-೧೯೫೭

ಶ್ರೀಮತಿ ನರಸಮ್ಮನವರಿಗೆ,

ಕಾರ್ಡಿನ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಕ್ಷಮಿಸಬೇಕು. ಬೊಂಬಾಯಿಯಲ್ಲಿ ಓದುವಾಗ ನಾವು ರೋಗಿಗಳಿಗೆ ಕಾರ್ಡನ್ನೇ ಬರೆಯುತ್ತಿದ್ದೆವು. ಅಲ್ಲಿ ಯಾರದನ್ನು ಯಾರೂ ಓದುವುದಿಲ್ಲ, ಪುರುಸೊತ್ತಿಲ್ಲ.

ಸೂಜಿಮದ್ದಿನ ಬಗ್ಗೆ ತಾವು ಬರೆದದ್ದನ್ನು ಓದಿದೆ. ಅದು ಮರಗಟ್ಟಿಸುವ ಮದ್ದು. ಪ್ರಮಾಣ ಪುಸ್ತಕದಲ್ಲಿ ಹೇಳಿದಷ್ಟೇ ಇತ್ತು. ಸೀಸೆಯ ಮೇಲಿನ ಚೀಟಿಯನ್ನು ಆಮೇಲೆ ಮತ್ತೆ ಮತ್ತೆ ಓದಿ ನೋಡಿದ್ದೇನೆ. ಸೂಜಿಗಳನ್ನು ಕುದಿಸಿಯೇ ಇದ್ದೆ. ಇಷ್ಟಾದರೂ ಒಬ್ಬೊಬ್ಬರ ದೇಹಕ್ಕೆ ಮದ್ದು ಒಗ್ಗದೆ ಇರಬಹುದು. ಅದನ್ನು ಮೊದಲೇ ತಿಳಿಯಬೇಕಾದದ್ದು ವೈದ್ಯನ ಕೆಲಸ.

ಇವತ್ತು ತಮ್ಮ ದಾರಿ ನೋಡಿದೆ. ನನ್ನ ಕೈಯ ಬಗ್ಗೆ ತಮಗೆ ನಂಬಿಕೆ ಇಲ್ಲದಿದ್ದರೆ ಅದು ಸಹಜ. ನಮ್ಮ ಹಿರಿಯ ಡಾಕ್ಟರು ನಾರಾಯಣಪ್ಪನವರು ಆ ಹಲ್ಲನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿದ್ದಾರೆ. ಅವರು ಕೀಳುವುದರಲ್ಲಿ ಬಹಳ ಅನುಭವಸ್ಥರು, ನಿಮಿಷದ ಕೆಲಸ. ದಯವಿಟ್ಟು ಯಾರ ಹತ್ತಿರವಾದರೂ ಸರಿ, ಬನ್ನಿ. ಹತ್ತಿ ಹಾಗೆಯೇ ಉಳಿಯಬಾರದು.

ಇತಿ ವಿಧೇಯ,
ಸೋಮಲಿಂಗಪ್ಪ


ಕೆಂಗೇರಿ
೧೩-೮-೧೯೫೭

ಡಾಕ್ಟ್ರೇ,

ಕವರಿನಲ್ಲಿ ಬರೆದಿರಿ, ಸಂತೋಷ. ಅಂಜಿನಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದೆ, ಮುಖ ಸಪ್ಪೆ ಮಾಡಿಕೊಂಡು ಕೊಟ್ಟುಹೋದ.

ನಿಮ್ಮ ನಾರಾಯಣಪ್ಪನವರ ಕೈ ನನಗೆ ಗೊತ್ತು. ನಮ್ಮ ನಾದಿನಿಯ ದವಡೆ ಹಲ್ಲನ್ನು ಅವರೇ ಕಿತ್ತದ್ದು. ಎದೆಯ ಮೇಲೆ ಮಂಡಿ ಊರಿಕೊಂಡು ಕಿತ್ತರು ಎಂದು ಅವಳು ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ. ಮಂಡಿ ಅವಳೇ ಸೇರಿಸಿದ್ದಿರಬಹುದು, ಆದರೂ ನನಗೆ ಬೇಡ. ಅದೂ ಅಲ್ಲದೆ ಇದು ಮೇಲಿನ ಕೋರೆಹಲ್ಲು. ಮೇಲಿನ ಕೋರೆಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ತರಬೇತಿ ಆದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ನನ್ನ ಕೆಲಸ ಲಾಟೀನಿನ ಬೆಳಕಿನಲ್ಲಿ ಹೊಕ್ಕುಳಬಳ್ಳಿಗೆ ದಾರ ಕಟ್ಟುವುದು. ನಂಬದೆ ಇದ್ದರೂ ಕಣ್ಣನ್ನು ಯಾಕೆ ಪಣಕ್ಕೆ ಒಡ್ಡಲಿ? ಅದಕ್ಕೇ ಅಲ್ಲವೇ, ಕೀಳದೆ ಉಳಿಸುವ ಹೊಸ ಡಾಕ್ಟರು ಬಂದಿದ್ದಾರೆ ಎಂದು ಕೇಳಿ ನಿಮ್ಮ ಹತ್ತಿರ ಬಂದದ್ದು.

ಹಲ್ಲು ಈಗ ತಣ್ಣಗಿದೆ. ನೋವಿಲ್ಲ. ನೋವಿಲ್ಲದ ಹಲ್ಲಿಗೆ ಮತ್ತೆ ಬಾಯಿ ತೆರೆದು ಕೂರಬೇಕೇಕೆ? ಅದೇ ಹತ್ತಿ ಇರಲಿ ಬಿಡಿ.

ಒಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ. ನೀವು ಶುರು ಮಾಡಿದ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುತ್ತೇನೆ ಎನ್ನುತ್ತೀರಲ್ಲ, ಯಾಕೆ? ಮೂರ್ಛೆ ಹೋದ ಮುದುಕಿಯ ಸಹವಾಸ ಬೇಡ ಎಂದೇ?

ನರಸಮ್ಮ


ಬಿನ್ನಿಪೇಟೆ
೧೬-೮-೧೯೫೭

ಶ್ರೀಮತಿ ನರಸಮ್ಮನವರಿಗೆ,

ತಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡದೆ ಇರಲಾರೆ. ನಿಜ ಹೇಳಿಬಿಡುತ್ತೇನೆ.

ಯಾರ ಸಹಾಯವೂ ಇಲ್ಲದೆ ನಾನೊಬ್ಬನೇ ಮಾಡಿದ ಮೊದಲ ಬೇರಿನ ಚಿಕಿತ್ಸೆ ತಮ್ಮದು. ಕಾಲೇಜಿನಲ್ಲಿ ಪಕ್ಕದಲ್ಲಿ ಪ್ರೊಫೆಸರು ಇರುತ್ತಿದ್ದರು. ಇಲ್ಲಿ ಗಿರಣಿಯ ಕೆಲಸಗಾರರು ಬರುತ್ತಾರೆ, ಸೈರನ್ನಿಗೆ ಮೊದಲು ಹಲ್ಲು ಕೀಳಿಸಿಕೊಂಡು ಓಡುತ್ತಾರೆ. "ಬೇರು ತೊಳ್ಯೋದು, ಹಲ್ಲು ಉಳಿಸೋದು, ಇವೆಲ್ಲ ಬೊಂಬಾಯಿ ಚಪಲ ಕಣಯ್ಯ. ಕಿತ್ತು ಬಿಸಾಕು" ಎಂದು ನಾರಾಯಣಪ್ಪನವರು ಯಾವಾಗಲೂ ನಗುತ್ತಾರೆ. ತಾವು ಬಂದು "ಉಳಿಸಿಕೊಡಿ" ಎಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಿಂದೆಯೇ ಭಯವೂ ಬಂತು. ಆ ಹಲ್ಲಿನ ಬೇರಿನ ಒಳದಾರಿ ಕೂದಲೆಳೆಯಂಥದು. ಅದರೊಳಗೆ ನರ ತೆಗೆಯುವ ಸೂಜಿ ಮುರಿದರೆ? ಬೇರಿನ ತುದಿ ದಾಟಿ ಚುಚ್ಚಿದರೆ? ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ತಾವು ಕಣ್ಣು ಮುಚ್ಚಿಕೊಂಡಿದ್ದರಿಂದ ನೋಡಲಿಲ್ಲ.

ಆಮೇಲೆ ತಮ್ಮ ಕುತ್ತಿಗೆ ಒಂದು ಕಡೆಗೆ ವಾಲಿತು. ಮುಖ ಬಿಳಿಚಿತು. ಕರೆದರೆ ಮಾತಿಲ್ಲ. ನನ್ನ ಮದ್ದೇ ತಮ್ಮನ್ನು ಕೊಂದಿತು ಎಂದುಕೊಂಡೆ. ನಾರಾಯಣಪ್ಪನವರು ಓಡಿಬಂದು, ತಮ್ಮ ಕಾಲುಗಳನ್ನು ಎತ್ತಿ ಹಿಡಿಸಿ, ಮುಖಕ್ಕೆ ನೀರು ಚಿಮುಕಿಸಿದರು. ಆ ಹೊತ್ತು ನಾನು ಕೈಯಲ್ಲಿ ಸೂಜಿ ಹಿಡಿದು ಗೊಂಬೆಯ ಹಾಗೆ ನಿಂತಿದ್ದೆ. ತಾವು ಎದ್ದು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ.

ಅಂದಿನಿಂದ ಸೂಜಿ ಹಿಡಿದರೆ ಕೈ ನಡುಗುತ್ತದೆ. ಬಂದವರನ್ನೆಲ್ಲ ಏನಾದರೂ ನೆಪ ಹೇಳಿ ನಾರಾಯಣಪ್ಪನವರ ಕುರ್ಚಿಗೆ ಕಳಿಸುತ್ತಿದ್ದೇನೆ. ಒಂದು ಹಲ್ಲುಪುಡಿ ಕಂಪನಿಯವರು ಊರೂರು ತಿರುಗಿ ಪುಡಿ ಮಾರುವ ಕೆಲಸ ಕೊಡುತ್ತೇವೆಂದು ಬರೆದಿದ್ದಾರೆ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ. ಒಪ್ಪಿಕೊಳ್ಳುವ ಮನಸ್ಸಾಗಿದೆ. ಪುಡಿಯಿಂದ ಯಾರೂ ಮೂರ್ಛೆ ಹೋಗುವುದಿಲ್ಲ.

ಆದ್ದರಿಂದ ತಾವು ಕಂಟೋನ್ಮೆಂಟ್ ಕಡೆಯ ಯಾವುದಾದರೂ ಒಳ್ಳೆಯ ಡಾಕ್ಟರ ಹತ್ತಿರ ಹೋಗಿ. ಮಾಡಿದ್ದೇನು, ಉಳಿದದ್ದೇನು ಎಂದು ಬರೆದ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ನೋವಿಲ್ಲ ಎಂದು ಮೋಸ ಹೋಗಬೇಡಿ. ನರ ತೆಗೆದ ಹಲ್ಲು ನೋಯುವುದಿಲ್ಲ, ಆದರೆ ಕೆಡುತ್ತದೆ.

ಸೋಮಲಿಂಗಪ್ಪ


ಕೆಂಗೇರಿ
೧೮-೮-೧೯೫೭, ಭಾನುವಾರ

ಸೋಮಲಿಂಗಪ್ಪನವರೇ,

ನಿಮ್ಮ ಕಾಗದವನ್ನು ನಿನ್ನೆಯಿಂದ ಮೂರು ಸಲ ಓದಿದೆ. ಹಲ್ಲುಪುಡಿ ಮಾರುತ್ತೀರಂತೆ! ಬೊಂಬಾಯಿಗೆ ಕಳಿಸಿ ಓದಿಸಿದ ನಿಮ್ಮ ತಂದೆಯವರಿಗೆ ಇದು ಗೊತ್ತೇ?

ಒಂದು ಸಂಗತಿ ಬರೆಯುತ್ತೇನೆ, ಕೇಳಿ. ನಾನು ತರಬೇತಿ ಮುಗಿಸಿ ಬಂದ ಹೊಸತು. ನಾನು ಮಾಡಿಸಿದ ಮೊದಲ ಹೆರಿಗೆ ಇಲ್ಲೇ ಹತ್ತಿರದ ಉಲ್ಲಾಳದಲ್ಲಿ, ಒಂದು ಮನೆಯ ನಡುಮನೆಯಲ್ಲಿ. ಪುಸ್ತಕದಲ್ಲಿ ಇದ್ದದ್ದೆಲ್ಲ ಬಾಯಿಪಾಠ ಬರುತ್ತಿತ್ತು. ಮಗುವಿನ ತಲೆ ಕಂಡ ತಕ್ಷಣ ಒಂದು ಅಕ್ಷರವೂ ನೆನಪಿಲ್ಲ. ಕೈಯಲ್ಲಿದ್ದ ಕತ್ತರಿ ಠಣ್ ಎಂದು ಬಿತ್ತು. ಆಗ ಹೆರುತ್ತಿದ್ದವಳು, ಅದು ಅವಳಿಗೆ ನಾಲ್ಕನೆಯದು, ನೋವಿನ ನಡುವೆ ತಲೆ ಎತ್ತಿ ನನ್ನ ಮುಖ ನೋಡಿ ಏನೆಂದಳು ಗೊತ್ತೇ? "ಹೆದರ್ಕೋಬ್ಯಾಡ ಕಣವ್ವ, ಆಗ್ತದೆ." ಅವಳು ನನಗೆ ಹೇಳಿದಳು! ಆಯಿತು. ಗಂಡು ಮಗು. ಈಗ ಅವನು ಬಿನ್ನಿಪೇಟೆಯ ಗಿರಣಿಗೇ ಕೆಲಸಕ್ಕೆ ಬರುತ್ತಾನೆ, ನಿಮ್ಮ ಬಾಗಿಲ ಮುಂದೆಯೇ ಓಡಾಡುತ್ತಾನೆ.

ನಾನು ಅವತ್ತು ಅಂಗಡಿ ಮುಚ್ಚಿ ರಾಗಿ ಬೀಸಲು ಕುಳಿತಿದ್ದರೆ ಏನಾಗುತ್ತಿತ್ತು?

ನಾನು ಮೂರ್ಛೆ ಹೋದದ್ದು ನಿಮ್ಮ ತಪ್ಪಿನಿಂದ ಅಲ್ಲ. ನಿಮ್ಮ ಮದ್ದಿನಿಂದಲೂ ಅಲ್ಲ. ಮದ್ದಿನ ಮಾತು ನಾನು ಸಿಟ್ಟಿನಲ್ಲಿ ಬರೆದದ್ದು. ಇಷ್ಟು ನಂಬಿ, ಹೆಚ್ಚಿಗೆ ಕೇಳಬೇಡಿ.

ನರಸಮ್ಮ


ಬಿನ್ನಿಪೇಟೆ
೧೮-೮-೧೯೫೭, ಭಾನುವಾರ

ಶ್ರೀಮತಿ ನರಸಮ್ಮನವರಿಗೆ,

ತಮ್ಮ ಉತ್ತರ ಇನ್ನೂ ಬಂದಿಲ್ಲ. ಇನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ನಿನ್ನೆ ಒಂದು ಘಟನೆ ನಡೆಯಿತು.

ನಾನು ಬಾಡಿಗೆಗೆ ಇರುವ ಮನೆಯ ಯಜಮಾನಿ ಚಿಕ್ಕಗಂಗಮ್ಮನವರು. ನಿನ್ನೆ ಬೆಳಿಗ್ಗೆ ನೀರು ಹಿಡಿಯುತ್ತಿದ್ದರು. ಎದುರು ಸಿಕ್ಕವರನ್ನು ಎಲ್ಲರೂ ಕೇಳುವ ಹಾಗೆ "ತಿಂಡಿ ಆಯ್ತಾಮ್ಮ?" ಎಂದೆ. "ಆಯ್ತಪ್ಪ, ನಿಂದು?" ಎಂದರು. "ಆಯ್ತು" ಎಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಬಾಗಿಲ ಹತ್ತಿರ ಕುಳಿತು ಅವಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮುಖ ಬಾಡಿತ್ತು. "ಏನಮ್ಮ, ಹುಷಾರಿಲ್ವಾ?" ಎಂದೆ. "ಬೆಳಗಿಂದ ಒಂದ್ ತೊಟ್ಟು ನೀರೂ ಕುಡಿದಿಲ್ವಲ್ಲಪ್ಪ. ಶ್ರಾವಣ ಶನಿವಾರ" ಎಂದರು.

"ಬೆಳಿಗ್ಗೆ ಕೇಳಿದ್ರೆ ಆಯ್ತು ಅಂದ್ರಿ?"

"ಕೇಳಿದೋರಿಗೆ ಆಯ್ತು ಅನ್ನದೆ ಇನ್ನೇನ್ ಅನ್ಲಿ? ಇಲ್ಲ ಅಂದ್ರೆ ನೀನು ಪಾಪ, ಬಾಮ್ಮ ತಿನ್ನು ಅನ್ಬೇಕಾಗತ್ತೆ" ಎಂದು ನಕ್ಕರು.

ನಾನು ಮೆಟ್ಟಿಲ ಮೇಲೆ ಹಾಗೆಯೇ ಕುಳಿತುಬಿಟ್ಟೆ. ನಮ್ಮ ಮನೆಯಲ್ಲಿ ಶ್ರಾವಣ ಎಂದರೆ ಸೋಮವಾರ. ಶಿವನ ಒಕ್ಕಲು ನಾವು. ಶನಿವಾರದ ಉಪವಾಸ ನನ್ನ ತಲೆಗೇ ಹೊಳೆಯಲಿಲ್ಲ. ತಾವು ಬಂದದ್ದು ಮೂರನೆಯ ತಾರೀಕು. ಪಂಚಾಂಗ ತರಿಸಿ ನೋಡಿದೆ, ಶ್ರಾವಣದ ಮೊದಲ ಶನಿವಾರ.

ಸೂಜಿ ಹಾಕುವ ಮೊದಲು ನಾನು ತಮ್ಮನ್ನು "ತಿಂಡಿ ಆಯ್ತಾ?" ಎಂದು ಕೇಳಿದ್ದೆ. ತಾವು "ಆಯ್ತು" ಎಂದಿರಿ. ಈಗ ಮತ್ತೆ ಕೇಳುತ್ತಿದ್ದೇನೆ, ಡಾಕ್ಟರಾಗಿ ಕೇಳುತ್ತಿದ್ದೇನೆ. ಏನು ತಿಂಡಿ?

ಸೋಮಲಿಂಗಪ್ಪ


ಕೆಂಗೇರಿ
೨೧-೮-೧೯೫೭

ಸೋಮಲಿಂಗಪ್ಪನವರೇ,

ಏನೂ ಇಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಎರಡು ದಿನ ಆಯಿತು. ಇವತ್ತು ಪೂರ್ತಿ ಬರೆಯುತ್ತೇನೆ.

ಶುಕ್ರವಾರ ರಾತ್ರಿ ಸ್ವಲ್ಪ ಮುದ್ದೆ ನುಂಗಿದ್ದು, ಅಷ್ಟೇ. ಶನಿವಾರ ಬೆಳಿಗ್ಗೆ ನೀರೂ ಮುಟ್ಟಲಿಲ್ಲ. ಪ್ರತಿ ವರ್ಷ ಶ್ರಾವಣ ಶನಿವಾರ ನನ್ನದು ಒಪ್ಪತ್ತು, ಸಂಜೆ ಊಟ. ಮಧ್ಯಾಹ್ನ ಹಾಲು ಹಣ್ಣು ತೆಗೆದುಕೊಳ್ಳುವುದುಂಟು. ಈ ಸಲ ಅದೂ ಬೇಡ ಎಂದು ಹರಕೆ ಹೊತ್ತೆ. ಬಸ್ಸು ಗಾಳಿ ಆಂಜನೇಯನ ಗುಡಿ ದಾಟುವಾಗ ಕೈಮುಗಿದು, "ಅಪ್ಪಾ, ಆ ಕುರ್ಚಿ ಮೇಲೆ ನನ್ನ ಮಾನ ಕಾಪಾಡು, ಹಲ್ಲು ಮುಗಿಯೋವರ್ಗೂ ನೀರೂ ಮುಟ್ಟಲ್ಲ" ಎಂದೆ. ಮಾನ ಕಾಪಾಡಿಕೊಳ್ಳಲು ಹೋಗಿ ಕಳೆದುಕೊಂಡೆ. ಅವನ ತಪ್ಪಲ್ಲ. ಅವನೇನು ಉಪವಾಸ ಇರು ಎಂದನೇ?

ಹರಕೆ ಯಾಕೆ ಹೊತ್ತೆ ಎಂದರೆ, ನಾನು ಹೆದರಿದ್ದೆ. ಬಹಳ ಹೆದರಿದ್ದೆ. ಮೂರು ರಾತ್ರಿ ನಿದ್ದೆ ಇಲ್ಲ. ಇನ್ನೊಬ್ಬರ ನೋವನ್ನು ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದೇನೆ, ನನ್ನ ಬಾಯಿಗೆ ಒಂದು ಸೂಜಿ ಬರುತ್ತದೆ ಎಂದು ನೆನೆದು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಇದನ್ನು ಯಾರಿಗೆ ಹೇಳಲಿ? ಗಟ್ಟಿಗಿತ್ತಿ ನರಸಮ್ಮ ಎಂದು ಊರು ಹೆಸರಿಟ್ಟಿದೆ.

ನೀವು "ತಿಂಡಿ ಆಯ್ತಾ" ಎಂದಾಗ ಬಾಯಿಗೆ ತಾನಾಗಿ "ಆಯ್ತು" ಎಂದು ಬಂತು. ಹುಟ್ಟಿದಾಗಿನಿಂದ ಹಾಗೆಯೇ ಹೇಳಿಕೊಂಡು ಬಂದಿದ್ದೇವೆ. ಆಮೇಲೆ ನಿಜ ಬರೆಯಲು ಮುಖ ಇರಲಿಲ್ಲ. ಯಾಕೆ ಗೊತ್ತೇ? ಉಪವಾಸ ಅಂತ ಸೊರಗಿ ಬರುವ ಬಸುರಿಯರನ್ನು ನಾನು ದಿನಾ ಬೈಯುತ್ತೇನೆ. "ದೇವ್ರು ನಿನ್ ಹೊಟ್ಟೆ ಖಾಲಿ ಮಾಡು ಅಂದ್ನೇನೇ, ಮೊದ್ಲು ತಿನ್ನು" ಎಂದು ಬೈದು ಬಾಳೆಹಣ್ಣು ತಿನ್ನಿಸುತ್ತೇನೆ. ಅಂಥವಳು ನಾನೇ ಹೀಗೆ ಮಾಡಿದೆ ಎಂದರೆ ಅಂಜಿನಯ್ಯ ಅಲ್ಲ, ನಾನೇ ನಕ್ಕುಬಿಡುತ್ತೇನೆ.

ಆದರೆ ನನ್ನ ಮಾನಕ್ಕಾಗಿ ನೀವು ಹಲ್ಲುಪುಡಿ ಮಾರುವುದು ಬೇಡ. ಅದಕ್ಕೇ ಬರೆದೆ. ಈಗ ಎದೆ ಹಗುರಾಯಿತು.

ಇನ್ನೊಂದು. ನಿನ್ನೆಯಿಂದ ಕೋರೆಹಲ್ಲಿನ ಮೇಲೆ ಒಸಡು ಊದಿದೆ. ಮೂಗಿನ ಪಕ್ಕ ಮುಟ್ಟಿದರೆ ನೋವು. ನೀವು ಹೇಳಿದ ಹಾಗೆಯೇ ಆಯಿತು. ಕಂಟೋನ್ಮೆಂಟಿಗೆ ಹೋಗುವುದಿಲ್ಲ. ನೀವು ಮಾಡುವುದಾದರೆ ಬರುತ್ತೇನೆ.

ನರಸಮ್ಮ


ಬಿನ್ನಿಪೇಟೆ
೨೨-೮-೧೯೫೭

ನರಸಮ್ಮನವರೇ,

ತಮ್ಮ ಕಾಗದ ಮಧ್ಯಾಹ್ನದ ಅಂಚೆಗೆ ಬಂತು. ಈಗಲೇ ಬರೆದು, ಕೆಂಗೇರಿಗೆ ಹೋಗುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡುತ್ತಿದ್ದೇನೆ. ಇಂದಿನಿಂದಲೇ ಬಿಸಿ ಉಪ್ಪುನೀರು ಬಾಯಲ್ಲಿ ಹಿಡಿದು ಮುಕ್ಕಳಿಸಿ. ಹೊರಗಿನಿಂದ ಕಾವು ಕೊಡಬೇಡಿ. ನಾಳೆಯೇ ಬಂದರೆ ಒಳ್ಳೆಯದು.

ತಮಗೆ ಬದಲಿ ನರ್ಸು ಸಿಗುವುದು ಶನಿವಾರ ಮಾತ್ರ ಎಂದು ಅವತ್ತೇ ಹೇಳಿದ್ದಿರಿ. ನಾಡಿದ್ದು ಶನಿವಾರ, ಶ್ರಾವಣದ ಕೊನೆಯದು. ವ್ರತ ಮುರಿಯಿರಿ ಎಂದು ಹೇಳಲು ನಾನು ಯಾರು? ಆದರೆ ಖಾಲಿ ಹೊಟ್ಟೆಯಲ್ಲಿ ಬಂದರೆ ಸೂಜಿ ಮುಟ್ಟುವುದಿಲ್ಲ, ಇದು ಖಂಡಿತ. ಊತ ಹೀಗೆಯೇ ಏರಿದರೆ ಆಮೇಲೆ ಹಲ್ಲನ್ನು ಕೀಳದೆ ವಿಧಿಯಿಲ್ಲ, ಇದೂ ಖಂಡಿತ. ತಾವೇ ನಿರ್ಧಾರ ಮಾಡಬೇಕು.

ತಾವು ನಿಜ ಬರೆದಿರಿ. ನನ್ನದೂ ಒಂದು ಬಾಕಿ ಇದೆ. ಅವತ್ತು ತಾವು "ಆಯ್ತು, ನಿಮ್ದು ತಿಂಡಿ ಆಯ್ತಾ ಡಾಕ್ಟ್ರೇ?" ಎಂದು ಮರಳಿ ಕೇಳಿದ್ದಿರಿ. ನಾನೂ "ಆಯ್ತು" ಎಂದಿದ್ದೆ. ಆಗಿರಲಿಲ್ಲ. ಹೋಟೆಲಿಗೆ ಹೋಗಿ ಇಡ್ಲಿ ಮುಂದೆ ಇಟ್ಟುಕೊಂಡು, ಮುಟ್ಟದೆ ಎದ್ದು ಬಂದಿದ್ದೆ. ಇಬ್ಬರೂ ಖಾಲಿ ಹೊಟ್ಟೆಯವರು ಎದುರುಬದುರು ಕುಳಿತು, ಹೊಟ್ಟೆ ತುಂಬಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆ. ಇದು ಹೊಳೆದಾಗ ರಸ್ತೆಯಲ್ಲಿ ಒಬ್ಬನೇ ನಕ್ಕೆ.

ಕೈ ಇನ್ನೂ ನಡುಗುತ್ತಿದೆ. ಮುಚ್ಚಿಡುವುದಿಲ್ಲ. ನಡುಗುವ ಕೈಯೇ ಸಾಕು ಎನ್ನುವುದಾದರೆ ಬನ್ನಿ.

ಸೋಮಲಿಂಗಪ್ಪ


ಕೆಂಗೇರಿ
೨೫-೮-೧೯೫೭, ಭಾನುವಾರ

ಚಿ. ಸೋಮಲಿಂಗಪ್ಪನಿಗೆ,

ನನ್ನ ಮಗನ ವಯಸ್ಸು ನಿನಗೆ. ಇನ್ನು ನೀವು, ನಿಮ್ಮ ಎಂದು ಬರೆಯಲು ನನ್ನಿಂದ ಆಗದು. ಬೇಜಾರಿಲ್ಲ ತಾನೇ?

ನಿನ್ನೆ ನೀನು ನನ್ನ ಬಾಯಿ ತುಂಬ ಹತ್ತಿ ತುರುಕಿಬಿಟ್ಟೆ. ಹೇಳಬೇಕಾದ ಒಂದು ಮಾತೂ ಹೇಳಲು ಆಗಲಿಲ್ಲ. ಇಷ್ಟು ಹೊತ್ತು ಸುಮ್ಮನಿದ್ದದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಆದ್ದರಿಂದ ಈಗ ಬರೆಯುತ್ತೇನೆ.

ಬೆಳಿಗ್ಗೆ ಗಾಳಿ ಆಂಜನೇಯನ ಗುಡಿಯ ಹತ್ತಿರ ಬಸ್ಸು ಇಳಿದೆ. ಒಳಗೆ ಹೋಗಿ ಅವನ ಮುಂದೆ ನಿಂತು ನೇರವಾಗಿ ಹೇಳಿದೆ. "ಇವತ್ತು ತಿಂತೀನಪ್ಪ. ನೀನೂ ಹಸಿವಾದಾಗ ಸೂರ್ಯನ್ನೇ ಹಣ್ಣು ಅಂತ ಹಾರಿದೋನು, ನಿಂಗ್ ಅರ್ಥ ಆಗತ್ತೆ" ಎಂದೆ. ಆಮೇಲೆ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ಲೋಟ ಹಾಲು. ಇಷ್ಟು ವರ್ಷದಲ್ಲಿ ಮೊದಲ ಸಲ ಶ್ರಾವಣ ಶನಿವಾರ ಬಿಟ್ಟೆ. ಆಕಾಶ ಏನೂ ಕಳಚಿ ಬೀಳಲಿಲ್ಲ.

ನೀನು ಬಾಗಿಲಲ್ಲೇ "ಏನು ತಿಂಡಿ?" ಎಂದೆ. ಆಯ್ತಾ ಎನ್ನಲಿಲ್ಲ. ನಾನು ಹೇಳಿ, "ನಿಂದೇನು?" ಎಂದೆ. "ಚಿಕ್ಕಗಂಗಮ್ಮನವರ ಉಪ್ಪಿಟ್ಟು" ಎಂದೆಯಲ್ಲ, ನನಗೆ ಆಗಲೇ ಅರ್ಧ ಧೈರ್ಯ ಬಂತು.

ಸೂಜಿ ಹಿಡಿದಾಗ ನಿನ್ನ ಕೈ ನಡುಗಿತು. ಈ ಸಲ ನಾನು ಕಣ್ಣು ಮುಚ್ಚಿರಲಿಲ್ಲ, ನೋಡಿದೆ. ಹಲ್ಲಿಗೆ ತಾಕಿದ ಮೇಲೆ ನಡುಗಲಿಲ್ಲ. ಅದೂ ನೋಡಿದೆ. ಅದು ನಿನಗೆ ಗೊತ್ತಾಯಿತೋ ಇಲ್ಲವೋ ಎಂದು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ನೀನು ಒಂದು ಮಾತು ಹೇಳಿದೆ. "ನೋವಾದ್ರೆ ಎಡಗೈ ಎತ್ತಿ ಅಮ್ಮ, ಏನೇ ಆಗಿದ್ರೂ ಅಲ್ಲಿಗೇ ನಿಲ್ಲಿಸ್ತೀನಿ." ನಡುವೆ ನಾನು ಒಂದು ಸಲ ಕೈ ಎತ್ತಿದೆ. ನೀನು ತಟ್ಟನೆ ಕಾಲು ತೆಗೆದೆ, ಯಂತ್ರ ನಿಂತಿತು. "ನೋವಾಯ್ತಾ?" ಎಂದು ಗಾಬರಿಯಿಂದ ಕೇಳಿದೆ. ನಾನು ತಲೆ ಅಲ್ಲಾಡಿಸಿದೆ. ನೋವಾಗಿರಲಿಲ್ಲ ಕಣಪ್ಪ. ನಿಜವಾಗಿ ನಿಲ್ಲಿಸುತ್ತೀಯಾ ಎಂದು ನೋಡಲು ಎತ್ತಿದೆ. ನೀನು ನಿಲ್ಲಿಸಿದೆ. ಆಮೇಲೆ ನಾನು ಹೆದರಲಿಲ್ಲ. ಕೀವು ಬಂದಾಗಲೂ ಹೆದರಲಿಲ್ಲ.

ನಿಮ್ಮ ನಾರಾಯಣಪ್ಪನವರು ಇಕ್ಕಳ ಹಿಡಿದು ಬಾಗಿಲಿಗೆ ಒರಗಿ ನಿಂತು, "ಕಿತ್ತು ಬಿಸಾಕಯ್ಯ, ಇಷ್ಟು ಹೊತ್ಗೆ ನಾನು ಹತ್ತು ಕಿತ್ತಿರ್ತಿದ್ದೆ" ಎಂದರಲ್ಲ. ಬಾಯಲ್ಲಿ ಹತ್ತಿ ಇಲ್ಲದಿದ್ದರೆ ಸರಿಯಾಗಿ ಉತ್ತರ ಕೊಡುತ್ತಿದ್ದೆ. ಆದರೆ ನೀನೇ ಕೊಟ್ಟೆ. ತಿರುಗಿಯೂ ನೋಡದೆ, "ಸಾರ್, ಈ ಹಲ್ಲು ನಂದು. ಸ್ವಲ್ಪ ಬೆಳಕು ಬಿಡಿ" ಎಂದೆ. ಅವರು ಪಕ್ಕಕ್ಕೆ ಸರಿದರು. ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನೋವಿನಿಂದ ಎಂದು ತಿಳಿದು ನೀನು ಒರೆಸಿದೆ.

ಊತ ಇವತ್ತು ಇಳಿದಿದೆ. ಮುಂದಿನ ಶನಿವಾರ ಬರುತ್ತೇನೆ. ನಮ್ಮ ಅಂಜಿನಯ್ಯ ವಾರದಿಂದ ದವಡೆಗೆ ಲವಂಗ ಇಟ್ಟುಕೊಂಡು ಓಡಾಡುತ್ತಿದ್ದಾನೆ. ಡಾಕ್ಟರ ಹತ್ತಿರ ಹೋಗು ಎಂದರೆ ಬೆವರುತ್ತಾನೆ. ನನ್ನ ಮೂರ್ಛೆಯನ್ನು ಊರಿಗೆ ಓದಿ ಹೇಳಿದ ಧೀರ!

ಎಲ್ಲ ಮುಗಿದ ದಿನ ನನಗೊಂದು ಕಾಗದ ಬರೆ. ಕವರು ಬೇಡ. ಕಾರ್ಡೇ ಬರೆ. ನರಸಮ್ಮ ಸ್ವಲ್ಪವೂ ಹೆದರದೆ ಕುಳಿತಿದ್ದರು ಎಂದು ದೊಡ್ಡ ಅಕ್ಷರದಲ್ಲಿ ಬರೆ.

ಆಶೀರ್ವಾದಗಳು,
ನರಸಮ್ಮ


ಬಿನ್ನಿಪೇಟೆ
೨೮-೮-೧೯೫೭

ಅಮ್ಮಾ,

ಬೇಜಾರು ಎಲ್ಲಿಯದು? ಹಲ್ಲಿಗೆ ತಾಕಿದ ಮೇಲೆ ಕೈ ನಡುಗಲಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಸಾಲನ್ನು ಓದಿ ಕಾಗದ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡೆ. ನಿನ್ನೆ ಒಬ್ಬ ಗಿರಣಿಯ ನೇಕಾರನ ಮುಂದಿನ ಹಲ್ಲನ್ನು ನಾನೇ ನೋಡಿದೆ, ಯಾರ ಕುರ್ಚಿಗೂ ಕಳಿಸಲಿಲ್ಲ. ಶುರುವಿನಲ್ಲಿ ನಡುಗಿತು. ತಾಕಲಿ ಎಂದು ಕಾದೆ. ತಾಕಿದ ಮೇಲೆ ನಿಂತಿತು.

ನಾರಾಯಣಪ್ಪನವರು ಸಂಜೆ ಕೈ ತೊಳೆಯುತ್ತ, "ಏನಯ್ಯ, ಆ ಕೆಂಗೇರಿಯಮ್ಮನ ಬೇರು ಒಣಗ್ತಾ?" ಎಂದು ಕೇಳಿದರು. ಅವರು ಯಾವ ಹಲ್ಲಿನ ಬಗ್ಗೆಯೂ ಎರಡನೆಯ ಸಲ ಕೇಳಿದವರಲ್ಲ.

ಹಲ್ಲುಪುಡಿಯವರಿಗೆ ಆಗುವುದಿಲ್ಲ ಎಂದು ಬರೆದು ಹಾಕಿದೆ. ಶನಿವಾರ ಕಾಯುತ್ತಿರುತ್ತೇನೆ. ಚಿಕ್ಕಗಂಗಮ್ಮನವರು ನಿಮಗೂ ಸೇರಿಸಿ ಉಪ್ಪಿಟ್ಟು ಕಳಿಸುತ್ತಾರಂತೆ.

ಸೋಮಲಿಂಗಪ್ಪ


ಬಿನ್ನಿಪೇಟೆ
೧೫-೯-೧೯೫೭, ಭಾನುವಾರ

ಶ್ರೀಮತಿ ನರಸಮ್ಮನವರಿಗೂ, ಈ ಕಾರ್ಡು ಓದಿಸಿಕೊಂಡು ಕೇಳುತ್ತಿರುವ ಕೆಂಗೇರಿಯ ಸಮಸ್ತರಿಗೂ ವಂದನೆಗಳು.

ನಿನ್ನೆ ಶನಿವಾರ ನರಸಮ್ಮನವರ ಕೋರೆಹಲ್ಲಿನ ಬೇರನ್ನು ತುಂಬಿ ಮುಚ್ಚಿದ್ದಾಯಿತು. ಹಲ್ಲು ಉಳಿಯಿತು. ಕಣ್ಣು ಮೊದಲಿನ ಹಾಗೆಯೇ ಇದೆ. ಅವರು ಸ್ವಲ್ಪವೂ ಹೆದರಲಿಲ್ಲ ಎಂದು ಬರೆಯಲು ಅಪ್ಪಣೆಯಾಗಿತ್ತು. ಹಾಗೆ ಬರೆಯಲಾರೆ. ಅವರು ಹೆದರಿದ್ದರು. ನಾನು ಅವರಿಗಿಂತ ಹೆಚ್ಚು ಹೆದರಿದ್ದೆ. ಹೆದರಿಕೆಯಿದ್ದೂ ಮತ್ತೆ ಬಂದು, ಬಾಯಿ ತೆರೆದು ಕುಳಿತು, ನನ್ನ ಕೈ ನಿಲ್ಲುವವರೆಗೆ ಕಾದರು. ಇನ್ನು ಹೆರಿಗೆ ಕೋಣೆಯಲ್ಲಿ ಅವರು ಧೈರ್ಯ ತಗೋ ಎಂದರೆ ನಂಬಿ. ಅವರು ತಮ್ಮಲ್ಲಿ ಇರುವುದನ್ನೇ ಕೊಡುತ್ತಿದ್ದಾರೆ. ನನಗೂ ಕೊಟ್ಟಿದ್ದಾರೆ.

ಅಂಜಿನಯ್ಯನವರೇ, ಇನ್ನು ನಿಮ್ಮ ದವಡೆಯ ವಿಷಯ. ಬನ್ನಿ, ಹಲ್ಲು ಉಳಿಯುತ್ತದೆ. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ. ಬರುವಾಗ ತಿಂದು ಬನ್ನಿ. ಏನು ತಿಂಡಿ ಎಂದು ಕೇಳುತ್ತೇನೆ, ಬರಿಯ ಆಯ್ತು ಎಂದರೆ ಒಪ್ಪುವುದಿಲ್ಲ.

ಸೋಮಲಿಂಗಪ್ಪ